ತೇಲುವ ಶನಿ, ಹುಳಿ ಗುರು

ಜನವರಿ. ಕಣದ ತುಂಬ ರೋಬಸ್ಟಾ.
ಅಮ್ಮತ್ತಿಯ ಕೊನೇ ಬಸ್ಸು ಹೋಗಿ ಗಂಟೆಯಾಯಿತು.
ಇವತ್ತಿನ ಕಾವಲು ನಮ್ಮದು:
ತೋಟದ ರೈಟರ್ ನಾನು, ತೊಡೆಯ ಮೇಲೆ ಲೆಕ್ಕದ ಪುಸ್ತಕ;
ಹವಾಲ್ದಾರ್ ಕುಶಾಲಪ್ಪ, ಕೊರಳಲ್ಲಿ ಪಟ್ಟಿ ಹರಿದ ದುರ್ಬೀನು;
ಜೊತೆಗೆ ಚೋಮನ ಮಗಳು ಬೊಳ್ಳಿ, ಲಾರಿ ಹಂಸನ ಮಗ ರಾಶಿದ್.
ಇಬ್ಬರಿಗೂ ಏಳನೇ ಕ್ಲಾಸು, ಇಬ್ಬರಿಗೂ ಒಂದೇ ಜಗಳ:
ಯಾವ ಗ್ರಹ ಎಲ್ಲಕ್ಕಿಂತ ಗಮ್ಮತ್ತು?

ಶನಿ, ಅಂದ ರಾಶಿದ್. ಬಳೆ ಇದೆಯಲ್ಲ.
ದುರ್ಬೀನಿನಲ್ಲಿ ಬಳೆ ಇರಲಿಲ್ಲ,
ತುಸು ಉದ್ದಕ್ಕೆ ಎಳೆದ ಹಳದಿ ಚುಕ್ಕೆಯಷ್ಟೆ.
‘ಬಳೆಗೆ ಈ ಗಾಜು ಸಾಲದು ಮಗಾ. ಆದರೆ ಕೇಳು,
ಅಷ್ಟು ದೊಡ್ಡ ಕೆರೆ ಸಿಕ್ಕಿದರೆ
ಶನಿ ನೀರಿನ ಮೇಲೆ ತೇಲುತ್ತದಂತೆ.’
‘ತೇಲ್ತದಾ?’ ಬೊಳ್ಳಿ ನಕ್ಕಳು. ‘ಹಾಗಾದರೆ ಸೆಕೆಂಡ್ ಗ್ರೇಡು.’
ತೊಟ್ಟಿಯಲ್ಲಿ ತೇಲುಕಾಯಿ ಬಾಚುವವಳ ಮಗಳು,
ಮುಳುಗುವುದಕ್ಕೇ ಬೆಲೆ ಎಂದು ಬಲ್ಲವಳು.

ಅವಳದು ಶುಕ್ರ. ಹೆಸರೇ ಸಾಕ್ಷಿ,
ಅವರ ಮಾತಿನಲ್ಲಿ ಬೊಳ್ಳಿ ಅಂದರೆ ಬೆಳ್ಳಿ.
ಬ್ರಹ್ಮಗಿರಿಯ ಕಡೆ ಇಳಿಯುತ್ತಿತ್ತು ಅದು,
ಯಾರೋ ಟಾರ್ಚು ಆರಿಸಲು ಮರೆತ ಹಾಗೆ.
ಅಲ್ಲಿ ಸೀಸ ಕರಗುವ ಸೆಕೆ, ಅಂದರು ಹವಾಲ್ದಾರರು,
ಸೂರ್ಯ ಹುಟ್ಟುವುದು ಪಡುವಣದಲ್ಲಿ,
ಒಂದು ದಿನ ಅಂದರೆ ನಮ್ಮ ನೂರಹದಿನೇಳು.
ಬೊಳ್ಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.
‘ಕೂಲಿ ದಿನಕ್ಕೆ ಲೆಕ್ಕವಾ, ಅಲ್ಲೂ?’
ನನ್ನ ಪೆನ್ನು ತಾನೇ ತಲೆ ತಗ್ಗಿಸಿತು.

‘ಮಂಗಳ ಬೇಡ,’ ಅಂದರು ಹವಾಲ್ದಾರರು, ಯಾರೂ ಕೇಳದಿದ್ದರೂ.
‘ಜೈಸಲ್ಮೇರಿನಾಚೆ ಎರಡು ಚಳಿಗಾಲ ನೋಡಿದ್ದೇನೆ.
ಧೂಳು, ಚಳಿ, ಕಾಗದ ಬಾರದ ದಿನಗಳು.
ಅದನ್ನೇ ನೋಡಲು ಅಷ್ಟು ದೂರ ಯಾಕೆ?’
ದುರ್ಬೀನು ಗುರುವಿನತ್ತ ಎತ್ತಿದರು.
ಅವರ ಕೈ ನಡುಗಿತು, ನಾಲ್ಕು ಚಂದ್ರರೂ ನಡುಗಿದರು.
ಕಾಫಿ ಮೂಟೆಯ ಮೇಲೆ ಮೊಣಕೈ ಊರಿದ ಮೇಲೆ
ನಿಂತರು, ಸಾಲಾಗಿ, ಹಾಜರಿಗೆ ನಿಂತ ಹಾಗೆ.

ಆಮೇಲೆ ಅಳತೆಯ ಆಟ.
ಭೂಮಿ ಒಂದು ಕರಿಮೆಣಸಾದರೆ
ಸೂರ್ಯ ಈ ಬಿದಿರ ಕುಕ್ಕೆ, ಎಂಬತ್ತು ಹೆಜ್ಜೆ ಆಚೆ;
ಬುಧ ಸಾಸಿವೆ, ಶುಕ್ರ ಇನ್ನೊಂದು ಮೆಣಸು,
ಗುರು ನಮ್ಮ ಗಿಡದ ಕಿತ್ತಳೆ, ರೋಗ ತಿಂದು ಉಳಿದ ಒಂದೇ ಗಿಡದ್ದು,
ಶನಿ ನಿಂಬೆ. ಯುರೇನಸ್, ನೆಪ್ಚೂನ್ ಎರಡು ನೆಲ್ಲಿಕಾಯಿ.
ಒಂದನ್ನು ಅಡ್ಡ ಮಲಗಿಸಿದ ರಾಶಿದ್,
ಯುರೇನಸ್ ಮಲಗಿಯೇ ಸುತ್ತುತ್ತದೆ ಎಂದು.
ಇನ್ನೊಂದನ್ನು ಎಲ್ಲಿಡುವುದು?
ಗೇಟು ದಾಟಿ, ಕಾಲೊನಿ ದಾಟಿ, ಒಂದೂಮುಕ್ಕಾಲು ಕಿಲೋಮೀಟರು.
ಆನೆ ಇದೆ ಅತ್ತ. ಯಾರೂ ಏಳಲಿಲ್ಲ.
ನೆಲ್ಲಿಕಾಯಿ ನನ್ನ ಕೈಯಲ್ಲೇ ಉಳಿಯಿತು.

ಆಗ ಕೇಳಿದರು: ಮೇಡಂ, ನಿಮ್ಮದು ಯಾವುದು?

ಇದೇ, ಅಂದೆ.
ಯುರೇನಸ್ಸಿನ ದಾರಿ ಲೆಕ್ಕಕ್ಕೆ ಕೂಡಲಿಲ್ಲ ಒಂದು ಕಾಲಕ್ಕೆ.
ಆಕಾಶವನ್ನು ಯಾರೂ ಬೈಯಲಿಲ್ಲ. ಕೂತು ಬರೆದರು:
ಕಾಣದ್ದೇನೋ ಎಳೆಯುತ್ತಿದೆ, ಇಂಥ ಕಡೆ ಇರಬೇಕು.
ದುರ್ಬೀನು ತಿರುಗಿಸಿದರು, ಇತ್ತು.
ಕಣ್ಣಿಗಿಂತ ಮೊದಲು ಕಾಗದದಲ್ಲಿ ಹುಟ್ಟಿದ ಗ್ರಹ.

ಹೋದ ವರ್ಷ ಮೂಟೆಗೆ ಎರಡು ಕಿಲೋ ಕಡಿಮೆ ಬಂದಾಗ
ಎಲ್ಲರೂ ನೋಡಿದ್ದು ಚೋಮನ ಮುಖ.
ಮೂರು ರಾತ್ರಿ ನಾನು ಪುಸ್ತಕ ನೋಡಿದೆ.
ತಕ್ಕಡಿಯ ಹಲಗೆಯಡಿ ಸಿಕ್ಕಿಕೊಂಡಿತ್ತು
ಇಷ್ಟೇ ಇಷ್ಟು ಜಲ್ಲಿಕಲ್ಲು.
ಅದನ್ನು ಹೇಳಲಿಲ್ಲ. ಬೊಳ್ಳಿಗೆ ಗೊತ್ತಿತ್ತು ಅನ್ನಿಸುತ್ತದೆ,
ನನ್ನ ಅಂಗೈಯ ನೆಲ್ಲಿಕಾಯಿ ತೆಗೆದುಕೊಂಡು
ಲಂಗದ ಜೇಬಿಗೆ ಹಾಕಿಕೊಂಡಳು.
‘ಬೆಳಿಗ್ಗೆ ಶಾಲೆಗೆ ಹೋಗುವಾಗ ಇಡ್ತೇನೆ. ದಾರಿಯಲ್ಲೇ ಅಲ್ವಾ?’

ಇಬ್ಬನಿ ಇಳಿಯಿತು. ಟಾರ್ಪಾಲು ಎಳೆದೆವು.
ಹವಾಲ್ದಾರರು ಗುರುವನ್ನು ಸುಲಿದು
ನಾಲ್ಕು ಪಾಲು ಮಾಡಿದರು.
ಹುಳಿ ಇತ್ತು. ಬೀಜವೂ ಜಾಸ್ತಿ.